ಒಂದು ಲೀಟರಿನ ಅಳತೆ ಜಾರ್: ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವ ಯುವಜನರಿಗಾಗಿ ಒಂದು ವಿಮರ್ಶೆ

ಧಾರವಾಡದ ಸುಭಾಸ ರಸ್ತೆಯ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯೊಂದರಲ್ಲಿ 140 ರೂಪಾಯಿ ಕೊಟ್ಟು ಕೊಂಡ ಒಂದು ಲೀಟರಿನ ಅಳತೆ ಜಾರಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಮೂರು, ಕೆಲವೊಮ್ಮೆ ನಾಲ್ಕು ಸಲ ಮೂತ್ರಕ್ಕೆಂದು ಏಳುತ್ತಿದ್ದ ನನಗೆ, ಪ್ರತಿ ಸಲ ಎಷ್ಟು ಮೂತ್ರ ಹೋಗುತ್ತದೆ ಎಂಬುದನ್ನು ಮೂರು ದಿನ ಅಳೆದು ಬರೆದು ತರುವಂತೆ ವೈದ್ಯರು ಹೇಳಿದ್ದರು. ಅದಕ್ಕೂ ಮೊದಲು ನುಂಗಿದ ಯಾವ ಮಾತ್ರೆಯೂ ಕೊಡದ ಉತ್ತರವನ್ನು ಈ ಜಾರ್ ಮೂರೇ ದಿನಗಳಲ್ಲಿ ಕೊಟ್ಟಿತು. ನನ್ನ ವಯಸ್ಸಿನ ಅನೇಕರು ಈ ತೊಂದರೆಯನ್ನು ಸಂಕೋಚದಿಂದ ಯಾರಿಗೂ ಹೇಳದೆ ತಿಂಗಳುಗಟ್ಟಲೆ ನಿದ್ದೆಗೆಡುವುದನ್ನು ಕಂಡಿರುವುದರಿಂದ, ಇದರ ಗುಣದೋಷಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನನಗೆ 26 ವರ್ಷ. ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗಾಗಿ ಸಪ್ತಾಪುರದ ಪಿಜಿಯೊಂದರಲ್ಲಿ ಇದ್ದೇನೆ. ಒಂದು ಕೋಣೆಯಲ್ಲಿ ಮೂವರು, ಆರು ಜನರಿಗೆ ಒಂದು ಬಚ್ಚಲು. ರಾತ್ರಿ ಹನ್ನೊಂದೂವರೆಗೆ ಮಲಗಿದರೆ ಒಂದು ಗಂಟೆಗೆ ಒಮ್ಮೆ, ಮೂರೂವರೆಗೆ ಒಮ್ಮೆ, ಐದೂಕಾಲಿಗೆ ಮತ್ತೊಮ್ಮೆ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಪುಸ್ತಕ ಹಿಡಿದರೆ ಒಂದೇ ಪುಟವನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಊರಿಗೆ ಫೋನ್ ಮಾಡಿದಾಗ ಅವ್ವ, "ಉಷ್ಣ ಆಗೇತಿ, ಬಾರ್ಲಿ ನೀರು ಕುಡಿ" ಎಂದಳು. ಮಲಗುವ ಮುನ್ನ ದೊಡ್ಡ ಲೋಟದ ತುಂಬ ಬಾರ್ಲಿ ನೀರು ಕುಡಿಯತೊಡಗಿದೆ. ನಂತರ ಹೋದ ಒಂದು ಕ್ಲಿನಿಕ್ಕಿನಲ್ಲಿ ಮೂತ್ರ ಪರೀಕ್ಷೆಯನ್ನೂ ಮಾಡಿಸದೆ ಸೋಂಕು ಎಂದು ತೀರ್ಮಾನಿಸಿ ಐದು ದಿನದ ಆಂಟಿಬಯೋಟಿಕ್ ಬರೆದುಕೊಟ್ಟರು. ಉರಿ ಇಲ್ಲ, ಜ್ವರ ಇಲ್ಲ ಎಂದು ನಾನು ಹೇಳಿದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮಾತ್ರೆ ಮುಗಿಯಿತು, ಏಳುವುದು ನಿಲ್ಲಲಿಲ್ಲ.

ಎರಡನೆಯ ವೈದ್ಯರು ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು, ಖಾಲಿ ಹೊಟ್ಟೆಯ ರಕ್ತದ ಸಕ್ಕರೆ ನೋಡಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಅದು ಮೂತ್ರಕ್ಕೆ ಇಳಿಯುವಾಗ ತನ್ನ ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ, ಆದ್ದರಿಂದ ಎಳೆಯ ವಯಸ್ಸಿನಲ್ಲಿ ಹೀಗೆ ಪದೇ ಪದೇ ಮೂತ್ರವಾಗುವಾಗ ಸಕ್ಕರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ ಎಂದು ಅವರು ವಿವರಿಸಿದರು. ಎರಡೂ ವರದಿ ಸರಿಯಾಗಿದ್ದವು. ಆಗ ಅವರು ಗೆರೆ ಹೊಡೆದ ಒಂದು ಹಾಳೆಯನ್ನು ಕೈಗಿತ್ತು, ಅಳತೆ ಜಾರ್ ಕೊಳ್ಳಲು ಹೇಳಿದರು. ಅಂಗಡಿಯವರು "ಎಷ್ಟ ಲೀಟರಿಂದು ಬೇಕ್ರೀ ಅಕ್ಕಾರ?" ಎಂದು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಈಗ ಹೇಳಬಲ್ಲೆ: ಒಂದು ಲೀಟರಿನದೇ ಸರಿ. ಅರ್ಧ ಲೀಟರಿನದು ಬೆಳಗಿನ ಮೊದಲ ಮೂತ್ರಕ್ಕೆ ಸಾಲದೆ ಹೋಗಬಹುದು, ಬಾಯಿಯೂ ಕಿರಿದು.

ಜಾರ್ ಪಾರದರ್ಶಕವಾದ ದಪ್ಪ ಪ್ಲಾಸ್ಟಿಕ್ಕಿನದು. ಒಂದು ಬದಿ ಹಿಡಿ, ಎದುರು ಬದಿ ಸುರಿಯಲು ಸಣ್ಣ ಮೂತಿ. ಗೋಡೆಯ ಮೇಲೆ ನೂರು ನೂರು ಮಿಲಿಲೀಟರಿಗೆ ಉದ್ದ ಗೆರೆ, ನಡುವೆ ಇಪ್ಪತ್ತಕ್ಕೊಂದು ಗಿಡ್ಡ ಗೆರೆ. ಅಳತೆ ನಿಜವೇ ಎಂದು ನೋಡಲು ಪಿಜಿಯ ಅಡುಗೆಮನೆಯ ತೂಕದ ಯಂತ್ರದ ಮೇಲೆ ಖಾಲಿ ಜಾರಿಟ್ಟು ಸೊನ್ನೆಗೆ ತಂದು, 300ರ ಗೆರೆಯವರೆಗೆ ನೀರು ತುಂಬಿಸಿದೆ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುವುದರಿಂದ ಇದು ಸುಲಭದ ಪರೀಕ್ಷೆ. 304 ಗ್ರಾಂ ಬಂತು. ಈ ಕೆಲಸಕ್ಕೆ ಅಷ್ಟು ನಿಖರತೆ ಧಾರಾಳವಾಯಿತು. ಪರೀಕ್ಷೆಯನ್ನು ಬಳಕೆಗೆ ಮೊದಲೇ ಮಾಡಿ, ಜಾರನ್ನು ಮತ್ತೆ ಅಡುಗೆಮನೆಗೆ ಒಯ್ಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದೊಡ್ಡ ದೋಷವೆಂದರೆ ಗೆರೆಗಳಿಗೆ ಬಣ್ಣವಿಲ್ಲ. ಅವು ಪ್ಲಾಸ್ಟಿಕ್ಕಿನಲ್ಲೇ ಉಬ್ಬಿ ನಿಂತಿವೆ. ಹಗಲಿನಲ್ಲಿ ತೊಂದರೆಯಿಲ್ಲ, ಆದರೆ ನಡುರಾತ್ರಿ ಬಚ್ಚಲಿನ ಮಂದ ದೀಪದಲ್ಲಿ ಅರೆನಿದ್ದೆಯ ಕಣ್ಣಿಗೆ 260 ಯಾವುದು 280 ಯಾವುದು ಎಂದು ತಿಳಿಯುವುದೇ ಇಲ್ಲ. ಮೊದಲ ರಾತ್ರಿ ಗೆರೆ ಹುಡುಕುತ್ತಾ ನಿಂತು ಪೂರ್ತಿ ಎಚ್ಚರವಾಗಿ, ಆಮೇಲೆ ಒಂದು ಗಂಟೆ ನಿದ್ದೆಯೇ ಹತ್ತಲಿಲ್ಲ. ಮರುದಿನ ಉದ್ದ ಗೆರೆಗಳ ಮೇಲೆ ಕೆಂಪು ನೇಲ್ ಪಾಲಿಶ್ ಎಳೆದೆ. ತೊಳೆದರೂ ಹೋಗಲಿಲ್ಲ, ಕಾಣುವುದು ಸಲೀಸಾಯಿತು. ಹಿಡಿಯ ಒಳಗಿನ ಅಂಚು ಒರಟಾಗಿದ್ದು ಬೆರಳಿಗೆ ಚುಚ್ಚುತ್ತದೆ. ಮುಚ್ಚಳವಿಲ್ಲ. ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ವಾಸನೆ ಉಳಿಯುವುದಿಲ್ಲ, ಆದರೆ ಹಂಚಿಕೊಂಡ ಬಚ್ಚಲಿನಲ್ಲಿ ಅದನ್ನು ಎಲ್ಲಿಡುವುದು ಎಂಬುದು ನಿಜವಾದ ಪ್ರಶ್ನೆ. ನಾನು ಬಟ್ಟೆಯ ಚೀಲವೊಂದರಲ್ಲಿಟ್ಟು ಮಂಚದ ಕೆಳಗೆ ಇರಿಸಿಕೊಂಡೆ, ಕೋಣೆಯ ಗೆಳತಿಯರಿಗೆ ಮೊದಲೇ ವಿಷಯ ತಿಳಿಸಿದೆ. ಹೇಳಿದ ಮೇಲೆ ಗೊತ್ತಾದದ್ದು, ಅವರಲ್ಲೊಬ್ಬಳು ನನ್ನಂತೆಯೇ ರಾತ್ರಿ ಎರಡು ಸಲ ಏಳುತ್ತಾಳೆ ಎಂದು. ಒಂದೇ ಕೋಣೆಯಲ್ಲಿ ಎಂಟು ತಿಂಗಳಿದ್ದೂ ನಾವು ಈ ಮಾತು ಆಡಿರಲಿಲ್ಲ.

ಇನ್ನು ಜಾರ್ ಕೊಟ್ಟ ಲೆಕ್ಕ. ಎದ್ದ ಹೊತ್ತು, ಮೂತ್ರದ ಅಳತೆ, ಕುಡಿದದ್ದು ಏನು ಎಷ್ಟು ಎಂಬುದನ್ನು ಮೂರು ದಿನ ಹಗಲೂ ರಾತ್ರಿ ಬರೆಯಬೇಕು. ಮಲಗುವ ಮುನ್ನ ಹೋದದ್ದು ಹಗಲಿನ ಲೆಕ್ಕಕ್ಕೆ ಸೇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹೋಗುವ ಮೊದಲ ಮೂತ್ರ ರಾತ್ರಿಯ ಲೆಕ್ಕಕ್ಕೆ ಸೇರುತ್ತದೆ, ಏಕೆಂದರೆ ಅದು ರಾತ್ರಿಯೇ ತಯಾರಾದದ್ದು. ಇದನ್ನು ತಿಳಿಯದೆ ಬರೆದರೆ ಇಡೀ ಲೆಕ್ಕ ತಪ್ಪುತ್ತದೆ. ಆಸ್ಪತ್ರೆ ಕೊಟ್ಟ ಹಾಳೆ ಇಂಗ್ಲಿಷಿನಲ್ಲಷ್ಟೇ ಇತ್ತು, ಈ ಸೂಚನೆಯೂ ಅದರಲ್ಲಿರಲಿಲ್ಲ. ಧಾರವಾಡದಂಥ ಊರಿನಲ್ಲಿ, ಸುತ್ತಲಿನ ಹಳ್ಳಿಗಳಿಂದ ಬರುವವರಿಗೂ ಕೊಡುವ ಹಾಳೆ ಕನ್ನಡದಲ್ಲಿ ಇಲ್ಲದಿರುವುದು ನನಗೆ ಬಹಳ ಬೇಸರ ತಂದಿತು. ನಾನೇ ನೋಟುಪುಸ್ತಕದಲ್ಲಿ ಹೊತ್ತು, ಕುಡಿದದ್ದು, ಹೋದದ್ದು, ಎಚ್ಚರವಾದ ಕಾರಣ ಎಂದು ನಾಲ್ಕು ಕಾಲಂ ಎಳೆದುಕೊಂಡೆ.

ಮೊದಲ ರಾತ್ರಿ 280, 310, 260 ಮತ್ತು ಬೆಳಿಗ್ಗೆ 250, ಒಟ್ಟು 1,100 ಮಿಲಿಲೀಟರ್. ಇಡೀ 24 ಗಂಟೆಯ ಮೊತ್ತ 3,200. ಮುಂದಿನ ಎರಡು ದಿನವೂ ಹೆಚ್ಚುಕಡಿಮೆ ಇಷ್ಟೇ. ಈ ಅಂಕಿಗಳನ್ನು ವೈದ್ಯರು ಓದಿದ ರೀತಿ ನನ್ನ ಕಣ್ಣು ತೆರೆಸಿತು. ಪ್ರತಿ ಸಲವೂ 250 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ಹೋಗುತ್ತಿದೆ ಎಂದರೆ ಮೂತ್ರಕೋಶ ಚೆನ್ನಾಗಿಯೇ ಹಿಡಿದಿಟ್ಟುಕೊಳ್ಳುತ್ತಿದೆ; ವಯಸ್ಕರ ಮೂತ್ರಕೋಶದಲ್ಲಿ ಸಾಮಾನ್ಯವಾಗಿ 300ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಪ್ರತಿ ಸಲ ಅರವತ್ತು, ಎಂಬತ್ತು ಮಾತ್ರ ಹೋಗುತ್ತಿದ್ದರೆ ಮೂತ್ರಕೋಶ ಅತಿಯಾಗಿ ಚುರುಕಾಗಿರುವ ತೊಂದರೆಯನ್ನೋ ಸೋಂಕನ್ನೋ ಹುಡುಕಬೇಕಾಗುತ್ತಿತ್ತು. ಇಡೀ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಲೀಟರಿಗಿಂತ ಹೆಚ್ಚು ಮೂತ್ರವಾದರೆ ಅದು ಅತಿಮೂತ್ರ. ನನ್ನ ತೂಕ 52 ಕಿಲೋ, ನನ್ನ ಮಿತಿ 2,080. ನಾನು ಅದಕ್ಕಿಂತ ಒಂದು ಲೀಟರಿಗೂ ಹೆಚ್ಚು ಮೇಲಿದ್ದೆ. ಮತ್ತೆ, ಎಳೆಯರಲ್ಲಿ ರಾತ್ರಿಯ ಪಾಲು ಶೇಕಡಾ 20ರ ಆಸುಪಾಸಿನಲ್ಲಿರಬೇಕು, 65 ದಾಟಿದವರಲ್ಲಿ 33ರವರೆಗೆ ಹೋಗಬಹುದು. ನನ್ನದು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿತ್ತು.

ಕಾರಣ ಅದೇ ಪುಟದ ಇನ್ನೊಂದು ಕಾಲಮ್ಮಿನಲ್ಲಿ ನನ್ನ ಅಕ್ಷರದಲ್ಲೇ ಇತ್ತು. ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು ಎಂಬ ಹಟದಲ್ಲಿ ದೊಡ್ಡ ಬಾಟಲಿಯನ್ನು ಮೇಜಿನ ಮೇಲಿಟ್ಟು ಓದುತ್ತಿದ್ದೆ. ಹಗಲು ಮರೆತ ನೀರನ್ನೆಲ್ಲ ರಾತ್ರಿ ಎಂಟರ ನಂತರ ಕುಡಿದು ಮುಗಿಸುತ್ತಿದ್ದೆ. ಮೇಲೆ ದಿನಕ್ಕೆ ಐದು ಚಹಾ, ಕೊನೆಯದು ರಾತ್ರಿ ಹತ್ತಕ್ಕೆ. ಅದರ ಮೇಲೆ ಬಾರ್ಲಿ ನೀರು. ಚಹಾದಲ್ಲಿನ ಕೆಫೀನ್ ಮೂತ್ರವನ್ನೂ ಹೆಚ್ಚಿಸುತ್ತದೆ, ನಿದ್ದೆಯನ್ನೂ ತೆಳುವಾಗಿಸುತ್ತದೆ. ಕುಡಿದ ಐದಾರು ಗಂಟೆಯ ಮೇಲೂ ಅದರ ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ. ಉಪ್ಪಿನ ವಿಷಯವನ್ನು ವೈದ್ಯರು ಒತ್ತಿ ಹೇಳಿದರು. ರಾತ್ರಿಯ ರೊಟ್ಟಿಗೆ ಉಪ್ಪಿನಕಾಯಿ, ಸಂಜೆ ಮಿರ್ಚಿ ಭಜಿ ಎಂದು ಒಳಸೇರಿದ ಉಪ್ಪನ್ನು ದೇಹ ರಾತ್ರಿ ನೀರಿನೊಡನೆ ಹೊರಹಾಕುತ್ತದೆ. ಜಪಾನಿನ ನಾಗಸಾಕಿಯ ವೈದ್ಯರು 2017ರಲ್ಲಿ ಮಂಡಿಸಿದ ಅಧ್ಯಯನವೊಂದರಲ್ಲಿ, ದಿನದ ಉಪ್ಪನ್ನು 10.7 ಗ್ರಾಮಿನಿಂದ 8 ಗ್ರಾಮಿಗೆ ಇಳಿಸಿದವರು ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4 ಸಲಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ.

ಔಷಧ ಬರೆಯಲಿಲ್ಲ. ದಿನಕ್ಕೆ ಸುಮಾರು ಎರಡು ಲೀಟರ್ ನೀರು, ಅದರಲ್ಲಿ ಹೆಚ್ಚಿನದು ಸಂಜೆ ಆರರೊಳಗೆ. ಚಹಾ ಎರಡು, ಕೊನೆಯದು ಮಧ್ಯಾಹ್ನ ಮೂರಕ್ಕೆ. ರಾತ್ರಿ ಊಟಕ್ಕೆ ಉಪ್ಪಿನಕಾಯಿ ಬೇಡ, ಬಾರ್ಲಿ ನೀರು ಬೇಡ. ಎರಡು ವಾರದ ನಂತರ ಮತ್ತೆ ಮೂರು ದಿನ ಅಳೆದೆ. ಒಟ್ಟು 1,900, ರಾತ್ರಿಯ ಪಾಲು 420. ಮೂರರಲ್ಲಿ ಎರಡು ರಾತ್ರಿ ಒಮ್ಮೆಯೂ ಏಳಲಿಲ್ಲ, ಒಂದು ರಾತ್ರಿ ನಾಲ್ಕೂವರೆಗೆ ಒಮ್ಮೆ ಎದ್ದೆ. ಬೆಳಿಗ್ಗೆ ಆರೂಮುಕ್ಕಾಲಿಗೆ ಜಾರಿನಲ್ಲಿ ಮೂತ್ರ 400ರ ಕೆಂಪು ಗೆರೆ ದಾಟಿದ್ದನ್ನು ಕಂಡ ಆ ಮೊದಲ ದಿನ, ಇಡೀ ರಾತ್ರಿ ನಿದ್ದೆ ಮಾಡಿದ್ದೇನೆ ಎಂಬುದನ್ನು ನಂಬಲು ಗಡಿಯಾರವನ್ನು ಎರಡು ಸಲ ನೋಡಿದೆ.

ಎಲ್ಲರಿಗೂ ಉತ್ತರ ಇಷ್ಟು ಸರಳವಾಗಿ ಸಿಗುವುದಿಲ್ಲ. ನೀರು ಕಡಿಮೆ ಮಾಡಿದರೂ ತಡೆಯಲಾಗದ ಬಾಯಾರಿಕೆ, ಕಾರಣವಿಲ್ಲದೆ ಇಳಿಯುವ ತೂಕ, ಮೂತ್ರದಲ್ಲಿ ರಕ್ತ, ಉರಿ, ಜ್ವರ, ಬೆನ್ನು ನೋವು ಇದ್ದರೆ ಮೂರು ದಿನ ಅಳೆಯುತ್ತಾ ಕೂರದೆ ವೈದ್ಯರ ಬಳಿ ಹೋಗಬೇಕು. ಜೋರಾಗಿ ಗೊರಕೆ ಹೊಡೆಯುವವರಲ್ಲಿ, ನಿದ್ದೆಯಲ್ಲಿ ಉಸಿರು ಕಟ್ಟುವವರಲ್ಲಿ ಹೃದಯದಿಂದ ಬಿಡುಗಡೆಯಾಗುವ ಒಂದು ಹಾರ್ಮೋನು ರಾತ್ರಿಯ ಮೂತ್ರವನ್ನು ಹೆಚ್ಚಿಸುತ್ತದೆ. ಅಲ್ಲಿ ಚಿಕಿತ್ಸೆ ಬೇಕಾಗಿರುವುದು ಉಸಿರಾಟಕ್ಕೆ. ಹೆಣ್ಣುಮಕ್ಕಳಲ್ಲಿ ಗರ್ಭಧಾರಣೆಯ ಮೊದಲ ತಿಂಗಳುಗಳೂ ಕಾರಣವಾಗಬಹುದು. ಇನ್ನು ಕೆಲವರಿಗೆ ಮೊದಲು ಚಿಂತೆಯಿಂದ ಎಚ್ಚರವಾಗುತ್ತದೆ, ಎದ್ದಾಗ ಮೂತ್ರಕ್ಕೆ ಹೋಗುತ್ತಾರೆ. ನನ್ನ ಕೋಣೆಯ ಗೆಳತಿಯ ಸ್ಥಿತಿ ಇದೇ ಎಂದು ಅವಳ ನೋಟುಪುಸ್ತಕದ ನಾಲ್ಕನೇ ಕಾಲಂ ತೋರಿಸಿತು.

ಅವಳೂ ತನ್ನದೇ ಜಾರ್ ಕೊಂಡಿದ್ದಾಳೆ, ಮತ್ತು ಅವಳ ಜೊತೆ ಹೋದಾಗ ನಾನು ಮೊದಲ ಸಲ ಮಾಡಿದ ತಪ್ಪನ್ನು ತಿದ್ದಿಕೊಂಡೆವು. ಅಂಗಡಿಯಲ್ಲೇ ಜಾರನ್ನು ಬೆಳಕಿಗೆ ಹಿಡಿದು ಗೆರೆಗಳಿಗೆ ಬಣ್ಣವಿದೆಯೇ, ಕೆಳಗಿನ ಗೆರೆ 50ಕ್ಕಾದರೂ ಶುರುವಾಗುತ್ತದೆಯೇ, ಬಾಯಿ ಅಂಗೈಯಷ್ಟು ಅಗಲವಿದೆಯೇ ಎಂದು ನೋಡಿ ಆರಿಸಬೇಕು. ಕುಳಿತೇ ಮೂತ್ರ ಮಾಡುವವರಿಗೆ ಬಾಯಿಯ ಅಗಲ ಬೆಲೆಗಿಂತ ಮುಖ್ಯ. ಕಮೋಡ್ ಇದ್ದವರಿಗೆ ಅದರ ಸೀಟಿನ ಕೆಳಗೆ ಕೂರುವ ಟೋಪಿಯಾಕಾರದ ಅಳತೆ ಪಾತ್ರೆ ಇನ್ನೂ ಅನುಕೂಲ. ನಾನು ಕೊಂಡ ಜಾರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಬಣ್ಣವಿಲ್ಲದ ಗೆರೆಗಳದ್ದು.