ಓಪನ್ ಫಿಲ್ಟರ್ ಹಾಕಿಸಬೇಡಿ, ನಾನು ಹಾಕಿಸಿ ಕೆಟ್ಟೆ

ಕಾರಿಗೆ ಕೋಲ್ಡ್ ಏರ್ ಇಂಟೇಕ್, ಅಂದರೆ ಎಂಜಿನ್‌ಗೆ ತಣ್ಣನೆ ಗಾಳಿ ಎಳೆಯೋಕೆ ಅಂತ ಹಾಕೋ ಬೇರೆ ಪೈಪು-ಫಿಲ್ಟರ್, ಹಾಕಿಸಬೇಕು ಅಂತಿದ್ದೀರಾ? ಸ್ವಲ್ಪ ತಡೀರಿ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತಿದೆ, ಆದರೂ ಹೇಳುತ್ತೇನೆ.

ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಚುರುಕಾಗಿ ಎಳೆಯಬೇಕು, ನನ್ನ ಆಸೆ ಅಷ್ಟೇ. 'ತಣ್ಣನೆ ಗಾಳಿ ಸಾರ್, ರೆಸ್ಪಾನ್ಸ್ ಆಮೇಲೆ ನೋಡಿ' ಅಂದರು ಗ್ಯಾರೇಜಿನವರು. ಹಾಕಿದ್ದೇನು? ಫಿಲ್ಟರ್ ಇರೋ ಕಂಪನಿಯ ಮುಚ್ಚಿದ ಡಬ್ಬಿ, ಅದೇ ಏರ್ ಬಾಕ್ಸ್, ಕಿತ್ತು, ಅಗಲದ ಅಲ್ಯೂಮಿನಿಯಂ ಪೈಪು, ತುದಿಗೊಂದು ಡಬ್ಬಿಯಿಲ್ಲದ ಕೆಂಪು ಕೋನ್ ಫಿಲ್ಟರ್. ಅದು ಕೂತಿದ್ದು ಎಂಜಿನ್‌ನ ಬಿಸಿ ಹೊಗೆ ಹೊರಹೋಗೋ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ. ನಡುವೆ ಒಂದು ತಗಡಿನ ಅಡ್ಡವೂ ಇಲ್ಲ. ಹಳೇ ಬಾಕ್ಸ್ ಹೆಡ್‌ಲೈಟ್ ಹಿಂದಿನಿಂದ ಹೊರಗಿನ ಗಾಳಿ ಎಳೆಯುತ್ತಿತ್ತು!

ಎರಡು ದಿನ ಖುಷಿಯಲ್ಲಿದ್ದೆ. ಸುಯ್ ಅನ್ನೋ ಸದ್ದಿಗೇ ಗಾಡಿ ಹಾರುತ್ತಿದೆ ಅನ್ನಿಸಿತ್ತು. ಸದ್ದು ಮಾತ್ರ ಜಾಸ್ತಿ ಆಗಿತ್ತು. ಸಿಗ್ನಲ್‌ನಲ್ಲಿ ನಿಂತು ಹೊರಟರೆ ಗಾಡಿ ಮೊದಲಿಗಿಂತ ಮಂದ.

ಆಮೇಲೆ ಚೆಕ್ ಎಂಜಿನ್ ಲೈಟ್ ಹತ್ತಿತು. ಗೆಳೆಯನ ಸ್ಕ್ಯಾನರ್ ಚುಚ್ಚಿದೆವು. ಪಿ0171 ಅಂತ ದೋಷದ ಕೋಡ್ ಬಂತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ. ಒಳಹೋಗೋ ಗಾಳಿ ಅಳೆಯೋ ಎಂಎಎಫ್ ಸೆನ್ಸರ್ ಕೂರೋ ಜಾಗದಲ್ಲಿ ಪೈಪು ಅಗಲವಾದರೆ ಗಾಳಿಯ ಲೆಕ್ಕವೇ ತಪ್ಪುತ್ತೆ, ಅಲ್ವಾ? ಅದರ ಕೆಳಗೆ ಇನ್ನೊಂದು ನಂಬರ್. ಎಂಜಿನ್ ಒಳಗೆ ಹೋಗುತ್ತಿದ್ದ ಗಾಳಿ 64 ಡಿಗ್ರಿ. ಹೊರಗೆ 29. ಸೀಟಿನಲ್ಲಿ ಕೂತು ಅದನ್ನೇ ನೋಡಿದೆ. 64. ತಣ್ಣನೆ ಗಾಳಿಯಂತೆ! ಗಾಳಿ 3 ಡಿಗ್ರಿ ಬಿಸಿಯಾದರೆ ಆಕ್ಸಿಜನ್ ಸುಮಾರು ಶೇಕಡ 1ರಷ್ಟು ಕಡಿಮೆ ಆಗುತ್ತೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ.

ಗ್ಯಾರೇಜಿಗೆ ಫೋನ್ ಮಾಡಿದರೆ, 'ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಕಲಿಯಬೇಕು ಸಾರ್, 500 ಕಿಲೋಮೀಟರ್ ಓಡಿಸಿ.' ಓಡಿಸಿದೆ. 'ಫಿಲ್ಟರ್‌ಗೆ ಧೂಳು ಹಿಡಿಯೋ ಎಣ್ಣೆ ಇನ್ನೊಮ್ಮೆ ಹಾಕ್ತೀವಿ.' ಕೈಗೆ ಅಂಟೋಷ್ಟು ಸುರಿದರು. ಅದು ಹೋಗಿ ಎಂಎಎಫ್ ಸೆನ್ಸರ್ ತಂತಿಗೆ ಮೆತ್ತಿಕೊಂಡಿತು. ಈಗ ನಿಂತಲ್ಲೇ ಗಾಡಿ ಗಡಗಡ. ಅದಕ್ಕೆ ಏನಂದರು ಗೊತ್ತಾ? 'ನಿಮ್ಮ ಸೆನ್ಸರ್ ಮೊದಲೇ ಹೋಗಿತ್ತು ಸಾರ್.' ಮೊದಲೇ ಹೋಗಿತ್ತಂತೆ! ಹಾಗಾದರೆ ಇಷ್ಟು ವರ್ಷ ಒಂದು ದಿನವೂ ಲೈಟ್ ಯಾಕೆ ಹತ್ತಲಿಲ್ಲ? ಹಳೇ ಬಾಕ್ಸ್ ಕೊಡಿ ಅಂದೆ. 'ಅದು ಗುಜರಿಗೆ ಹೋಯ್ತಲ್ಲ.'

ಹಾಕಿಸಲೇಬೇಕು ಅಂದರೆ, ಫಿಲ್ಟರ್ ಎಲ್ಲಿ ಕೂರುತ್ತೆ ಅಂತ ಬಾನೆಟ್ ಎತ್ತಿ ಬೆರಳಿಟ್ಟು ತೋರಿಸೋಕೆ ಹೇಳಿ. ಗಾಳಿಯ ಬಿಸಿ ಮೊದಲೆಷ್ಟು, ಆಮೇಲೆಷ್ಟು, ಸ್ಕ್ಯಾನರ್‌ನಲ್ಲಿ ನೋಡದೆ ದುಡ್ಡು ಕೊಡಬೇಡಿ. ಕಿತ್ತ ಏರ್ ಬಾಕ್ಸ್ ಅಲ್ಲೇ ಬಿಡಬೇಡಿ, ಕ್ಲಿಪ್ಪು ಸ್ಕ್ರೂ ಸಮೇತ ಡಿಕ್ಕಿಗೆ ಹಾಕಿಕೊಳ್ಳಿ. ನಾನು ಆ ಒಂದು ಬಾಕ್ಸಿಗೆ ಈಗಲೂ ಗುಜರಿ ಅಂಗಡಿ ಸುತ್ತುತ್ತಿದ್ದೇನೆ.