ಸೊನ್ನೆಗಳ ಪಟ್ಟಿಯೂ ಕೋಲಾರದ ಒಂದು ಪ್ರಿಂಟಿಂಗ್ ಅಂಗಡಿಯೂ

ಅಂಬೇಡ್ಕರ್ ಜಯಂತಿಗೆಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ಏರ್ಪಡಿಸಿದ್ದ ಪುಟ್ಟ ಪ್ರದರ್ಶನಕ್ಕಾಗಿ ಕೋಲಾರದ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಆರು ಫಲಕಗಳನ್ನು ಮಾಡಿಸಿದೆವು. ಅಮೆರಿಕದ ಲೂಯಿಸಿಯಾನಾ ರಾಜ್ಯದ ಗ್ರ್ಯಾಂಬ್ಲಿಂಗ್ ಎಂಬ ಸಣ್ಣ ಊರಿನ ಕಪ್ಪು ಜನರ ಕಾಲೇಜಿನ ಫುಟ್‌ಬಾಲ್ ತಂಡ 1942ರಲ್ಲಿ ಆಡಿದ ಪಂದ್ಯಗಳೇ ಅವುಗಳ ವಿಷಯವಾಗಿತ್ತು. ಗೃಹಪ್ರವೇಶದ ಬ್ಯಾನರ್, ಶ್ರದ್ಧಾಂಜಲಿಯ ಫ್ಲೆಕ್ಸ್‌ಗಳಲ್ಲೇ ದಿನ ಕಳೆಯುವವರು ಇಂಥ ಬರಹವನ್ನು ಹೇಗೆ ನಿಭಾಯಿಸುತ್ತಾರೋ ಎಂಬ ಅಳುಕು ನನಗಿತ್ತು.

ಅಳುಕು ಮೊದಲ ಪ್ರೂಫ್‌ನಲ್ಲೇ ನಿಜವಾಯಿತು. ಶೀರ್ಷಿಕೆಯ ಪಕ್ಕದಲ್ಲಿ ನಮ್ಮ ಮಕ್ಕಳು ಕಾಲಿನಲ್ಲಿ ಒದೆಯುವ ದುಂಡು ಚೆಂಡಿನ ಚಿತ್ರವಿತ್ತು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳನ್ನು ನೂಕಿಕೊಂಡು ಗೆರೆಯಾಚೆಗೆ ಒಯ್ಯುವ ಬೇರೆಯೇ ಆಟ. ಇದನ್ನು ನಾವೇ ಮೊದಲು ಹೇಳಬೇಕಿತ್ತು, ಆದ್ದರಿಂದ ಆ ತಪ್ಪನ್ನು ಅಂಗಡಿಯ ಲೆಕ್ಕಕ್ಕೆ ಬರೆಯಲಾರೆ.

ಎರಡನೆಯ ತಪ್ಪು ಮಾತ್ರ ಅವರದೇ. ಆ ವರ್ಷ ಗ್ರ್ಯಾಂಬ್ಲಿಂಗ್ ತಂಡ ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದಿತು, ಮತ್ತು ಅಷ್ಟೂ ಪಂದ್ಯಗಳಲ್ಲಿ ಎದುರಾಳಿಗೆ ಒಂದೇ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಚೆಂಡು ಗೆರೆ ದಾಟಿದರೆ 6, ಕಂಬಗಳ ನಡುವೆ ಒದ್ದರೆ 3, ಚೆಂಡು ಹಿಡಿದವನು ತನ್ನದೇ ಅಂಕಣದ ತುದಿಯಲ್ಲಿ ಸಿಕ್ಕಿಬಿದ್ದರೆ ಎದುರಾಳಿಗೆ 2, ಹೀಗೆ ಅಂಕ ಕೈತಪ್ಪಲು ಹಲವು ದಾರಿಗಳಿರುವ ಆಟದಲ್ಲಿ ಇದು ಬಲು ಅಪರೂಪ. ನಮ್ಮ ಪಟ್ಟಿಯ ಕೊನೆಯ ಕಾಲಂನಲ್ಲಿದ್ದ ಒಂಬತ್ತು ಸೊನ್ನೆಗಳೇ ಇಡೀ ಪ್ರದರ್ಶನದ ಜೀವ. ಪ್ರೂಫ್‌ನಲ್ಲಿ ಆ ಜಾಗದಲ್ಲಿ ಬರೀ ಗೀಟುಗಳಿದ್ದವು. "ಸಾರ್, ವಿವರ ಸಿಕ್ಕಿಲ್ಲ ಅಂತ ಸುಮ್ಮನೆ ಸೊನ್ನೆ ಹಾಕಿದ್ದೀರಿ ಅಂದ್ಕೊಂಡೆ" ಎಂದರು ಡಿಟಿಪಿ ಮಾಡುವ ಹೆಣ್ಣುಮಗಳು. ವಿಷಯ ತಿಳಿಸಿದ ಮೇಲೆ ಅವರು ಸೊನ್ನೆಗಳನ್ನು ಮರಳಿ ಕೂರಿಸಿದ್ದಲ್ಲದೆ, ಯಾರೂ ಹೇಳದಿದ್ದರೂ ಆ ಕಾಲಂ ಅನ್ನು ಕೆಂಪಕ್ಷರದಲ್ಲಿ ಮಾಡಿದರು. ಚೆನ್ನಾಗಿ ಕಾಣಿಸಿತು.

ಅಲ್ಲಿಂದ ಮುಂದೆ ಅವರು ಬರಹವನ್ನು ಓದಿಕೊಂಡೇ ಕೆಲಸ ಮಾಡಿದರೆಂಬುದು ಮೂರನೆಯ ಫಲಕದಲ್ಲಿ ತಿಳಿಯುತ್ತದೆ. ತರಬೇತುದಾರ ಎಡ್ಡಿ ರಾಬಿನ್‌ಸನ್ 1941ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ತಿಂಗಳಿಗೆ 63.75 ಡಾಲರ್ ಸಂಬಳಕ್ಕೆ ಅಲ್ಲಿಗೆ ಸೇರಿದಾತ. ಅದಕ್ಕೂ ಮೊದಲು ಹಿಟ್ಟಿನ ಗಿರಣಿಯಂಥ ಮೇವಿನ ಕಾರ್ಖಾನೆಯೊಂದರಲ್ಲಿ ಗಂಟೆಗೆ 25 ಸೆಂಟಿನ ಕೂಲಿ. ಮೊದಲ ವರ್ಷ ಮೂರು ಗೆಲುವು, ಐದು ಸೋಲು. ಮೈದಾನದ ಹುಲ್ಲನ್ನೂ ಕತ್ತರಿಸುತ್ತಿದ್ದ ಆತ, ದಾರಿಯ ಹೋಟೆಲುಗಳು ಕಪ್ಪು ಹುಡುಗರಿಗೆ ಊಟ ಕೊಡದ ಕಾರಣ ಪ್ರಯಾಣಕ್ಕೆ ಮುನ್ನ ಸ್ಯಾಂಡ್‌ವಿಚ್‌ಗಳನ್ನೂ ತಾನೇ ಕಟ್ಟಿಕೊಡುತ್ತಿದ್ದ. ನಾವು ಈ ಸಾಲನ್ನು ಸಣ್ಣ ಅಕ್ಷರದಲ್ಲಿ ಕೊನೆಗೆ ಸೇರಿಸಿದ್ದೆವು. ಆಕೆ ಅದನ್ನು ಮೇಲಕ್ಕೆ ತಂದು ದಪ್ಪಕ್ಷರ ಮಾಡಿದರು. ಪ್ರದರ್ಶನದ ದಿನ ಹಿರಿಯರೊಬ್ಬರು, ಚಹಾದಂಗಡಿಯ ಹೊರಗೆ ತಮಗೆಂದೇ ಬೇರೆ ಲೋಟ ಇಟ್ಟಿರುತ್ತಿದ್ದುದನ್ನು ನೆನೆದು, ಹೆಚ್ಚು ಹೊತ್ತು ನಿಂತದ್ದು ಈ ಫಲಕದೆದುರೇ.

ಆಗ ಕಾಲೇಜಿಗಿದ್ದ 'ಲೂಯಿಸಿಯಾನಾ ನೀಗ್ರೋ ನಾರ್ಮಲ್ ಅಂಡ್ ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್' ಎಂಬ ಉದ್ದನೆಯ ಹೆಸರನ್ನು ಎರಡು ಸಾಲಿಗೆ ಅಂದವಾಗಿ ಒಡೆದಿದ್ದಾರೆ. ಆದರೆ ಫಾಂಟ್ ಬದಲಿಸುವಾಗ ಎರಡು ಕಡೆ ಒತ್ತಕ್ಷರ ಕಳಚಿಹೋಗಿತ್ತು. 1943 ಮತ್ತು 1944ರಲ್ಲಿ ಯುದ್ಧದಿಂದಾಗಿ ತಂಡವೇ ಇರಲಿಲ್ಲವೆಂಬ ಸಾಲಿನಲ್ಲಿ 'ಯುದ್ಧ'ವು 'ಯುದ'ವಾಗಿ ಅಚ್ಚಾಗಿ, ಮೇಲೆ ಸ್ಟಿಕ್ಕರ್ ಅಂಟಿಸಬೇಕಾಯಿತು. 1949ರಲ್ಲಿ ಈ ಕಾಲೇಜಿನಿಂದ ವೃತ್ತಿಪರ ಲೀಗಿಗೆ ಹೋದ ಟ್ಯಾಂಕ್ ಯಂಗರ್ ಅವರ ಚಿತ್ರವನ್ನು ದೊಡ್ಡದು ಮಾಡಿ ಎಂದು ನಾವೇ ಒತ್ತಾಯಿಸಿದರೂ, ಪಿಕ್ಸೆಲ್ ಒಡೆಯುತ್ತದೆಂದು ಒಪ್ಪಲಿಲ್ಲ. ಅದು ಸರಿಯಾದ ತೀರ್ಮಾನವಾಗಿತ್ತು.

ಎರಡಡಿಗೆ ಮೂರಡಿಯ ಆರು ಸನ್‌ಬೋರ್ಡ್ ಫಲಕಗಳಿಗೆ ಒಟ್ಟು ₹3,240, ಡಿಟಿಪಿಗೆ ₹400. ಹೇಳಿದ ದಿನಕ್ಕಿಂತ ಒಂದು ದಿನ ತಡವಾಯಿತು. 3 ಮಿ.ಮೀ. ದಪ್ಪದ ಬೋರ್ಡು ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಬಾಗುತ್ತದೆ, 5 ಮಿ.ಮೀ.ನದನ್ನೇ ಕೇಳಿರಿ, ಪ್ರೂಫನ್ನು ಮೊಬೈಲಿನಲ್ಲಿ ನೋಡಿ ಒಪ್ಪಿಗೆ ಕೊಡದೆ, ಅಂಗಡಿಗೇ ಹೋಗಿ ದೊಡ್ಡ ಪರದೆಯಲ್ಲಿ ಒತ್ತಕ್ಷರಗಳನ್ನೂ ಸೊನ್ನೆಗಳನ್ನೂ ಒಂದೊಂದಾಗಿ ನೋಡಿ ಬನ್ನಿ.