ಆನ್ ಫ್ರಾಂಕ್ ಹೌಸ್ ವಿಆರ್: ಎಷ್ಟು ನಂಬಬಹುದು?

ಆಮ್‌ಸ್ಟರ್‌ಡ್ಯಾಮ್‌ನ ಪ್ರಿನ್ಸೆನ್‌ಗ್ರಾಖ್ಟ್ ಬೀದಿಯ 263ನೇ ಕಟ್ಟಡ ಈಗ ಮ್ಯೂಸಿಯಂ. ಅದರ ಹಿಂಮನೆಯಲ್ಲಿ ಇವತ್ತು ಕಾಣುವುದು ಖಾಲಿ ಕೋಣೆಗಳು. ನಾಜಿಗಳಿಂದ ತಪ್ಪಿಸಿಕೊಳ್ಳಲು ಅಲ್ಲಿ ಅಡಗಿದ್ದ ಎಂಟು ಯಹೂದಿಯರಲ್ಲಿ ದಿನಚರಿ ಬರೆದ ಬಾಲಕಿ ಆನ್ ಫ್ರಾಂಕ್ ಒಬ್ಬಳು. ಆ ಎಂಟು ಜನರನ್ನು 1944ರ ಆಗಸ್ಟ್ 4ರಂದು ಬಂಧಿಸಿದ ಮೇಲೆ ಅಲ್ಲಿನ ಸಾಮಾನನ್ನೆಲ್ಲ ಸಾಗಿಸಲಾಯಿತು. ಅವರಲ್ಲಿ ಬದುಕಿ ಬಂದದ್ದು ಆನ್‌ಳ ತಂದೆ ಆಟ್ಟೊ ಫ್ರಾಂಕ್ ಒಬ್ಬರೇ. ಮನೆ ಖಾಲಿಯಾಗಿಯೇ ಇರಲಿ ಎಂದವರೂ ಅವರೇ. 2018ರ ಜೂನ್ 12ರಂದು, ಆನ್ ಹುಟ್ಟಿದ ದಿನವೇ ಬಂದ ಈ ಉಚಿತ ವಿಆರ್ (ಹೆಡ್‌ಸೆಟ್ ತೊಟ್ಟು ಒಳಗೇ ಇದ್ದಂತೆ ನೋಡುವ ವರ್ಚುವಲ್ ರಿಯಾಲಿಟಿ) ಆ್ಯಪ್ ಅದೇ ಕೋಣೆಗಳನ್ನು ಮಂಚ, ಮೇಜು, ಪಾತ್ರೆಗಳ ಸಮೇತ ತೋರಿಸುತ್ತದೆ. ಈ ಸಾಮಾನು ಎಲ್ಲಿಂದ ಬಂತು ಎಂಬುದೇ ಮೊದಲ ಪ್ರಶ್ನೆ.

ಆನ್ ಗೋಡೆಗೆ ಅಂಟಿಸಿದ ಚಿತ್ರಗಳು, ಬಾಗಿಲು ಮರೆಮಾಡಿದ ಪುಸ್ತಕದ ಕಪಾಟು, ಮಕ್ಕಳ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆಗಳು ಇವತ್ತಿಗೂ ಆ ಮನೆಯಲ್ಲಿವೆ. ಇವನ್ನು ಧೈರ್ಯವಾಗಿ ನಂಬಬಹುದು. ಮಂಚ ಎಲ್ಲಿತ್ತು, ಮೇಜು ಎಲ್ಲಿತ್ತು ಎಂಬುದಕ್ಕೆ ಆಧಾರ 1961ರಲ್ಲಿ ಆಟ್ಟೊ ಮಾಡಿಸಿದ ಪುಟ್ಟ ಮಾದರಿಗಳು. ಅದು ಹದಿನೇಳು ವರ್ಷಗಳ ನಂತರದ ನೆನಪು. 1999ರಲ್ಲಿ ಕೋಣೆಗಳನ್ನು ತಾತ್ಕಾಲಿಕವಾಗಿ ಸಜ್ಜುಗೊಳಿಸಿ ಫೋಟೊ ತೆಗೆದಾಗ ಇಟ್ಟದ್ದು ಆ ಕಾಲದ ಬಗೆಯ ಬೇರೆ ಪೀಠೋಪಕರಣ. ಹೆಡ್‌ಸೆಟ್‌ನಲ್ಲಿ ಮಾತ್ರ ಅಸಲು, ನೆನಪು, ಊಹೆ ಎಲ್ಲವೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತವೆ. ಸಾಕ್ಷ್ಯ ಯಾವುದು, ಊಹೆ ಯಾವುದು ಎಂದು ನೋಡುವವರಿಗೆ ಗೊತ್ತಾಗಬೇಕು ಎಂಬುದು ಪರಂಪರೆಯ ಡಿಜಿಟಲ್ ಮರುನಿರ್ಮಾಣಕ್ಕೆ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿ ಹಾಕಿಕೊಟ್ಟ ನಿಯಮ. ಈ ವಿಷಯದಲ್ಲಿ ಆ್ಯಪ್ ಹಿಂದೆ ಬಿದ್ದಿದೆ.

ಆದರೂ ಸಾಮಾನಿನ ತಪ್ಪು ಚಿಕ್ಕದು. ದೊಡ್ಡ ಓರೆ ಇರುವುದು ದನಿಯಲ್ಲಿ. ಆ್ಯಪ್‌ನಲ್ಲಿ ಕಥೆ ಮತ್ತು ಸ್ವತಂತ್ರ ಸುತ್ತಾಟ ಎಂಬ ಎರಡು ಬಗೆಗಳಿವೆ; ಕಥೆಯ ಬಗೆಯಲ್ಲಿ ಸುಮಾರು 25 ನಿಮಿಷ ನಾವು ಆನ್‌ಳ ಮಾತಿನ ಬೆನ್ನು ಹಿಡಿದು ಹೋಗುತ್ತೇವೆ. ಅವಳ ಕೋಣೆಯಲ್ಲಿ 1942ರ ನವೆಂಬರ್‌ನಿಂದ ಫ್ರಿಟ್ಸ್ ಫೆಫರ್ ಎಂಬ ದಂತವೈದ್ಯರೂ ಇದ್ದರು. ದಿನಚರಿಯಲ್ಲಿ ಅವರು ಮೇಜಿಗಾಗಿ ಜಗಳವಾಡುವ ಕಿರಿಕಿರಿಯ ಮನುಷ್ಯ. ಈ ಕಥೆಯಲ್ಲಿ ಅವರ ಪಕ್ಷ ಹೇಳುವವರು ಯಾರೂ ಇಲ್ಲ; ಅವರು 1944ರ ಡಿಸೆಂಬರ್‌ನಲ್ಲಿ ನಾಯನ್‌ಗಾಮೆ ಶಿಬಿರದಲ್ಲಿ ತೀರಿಕೊಂಡರು. ಆನ್ ಕೂಡ 1944ರ ವಸಂತದಿಂದ ತನ್ನ ಬರಹವನ್ನು ಪ್ರಕಟಣೆಗೆಂದು ತಾನೇ ತಿದ್ದಿ ಬರೆಯತೊಡಗಿದ್ದಳು. ಅದು ಅಪಾರ ಬೆಲೆಯುಳ್ಳ ಸಾಕ್ಷ್ಯ, ಆದರೆ ಒಬ್ಬಳದೇ ಸಾಕ್ಷ್ಯ.

ಇನ್ನೊಂದು ಕೊರತೆ ಓಡಾಟದ್ದು. ಕಂಟ್ರೋಲರ್ ಒತ್ತಿದರೆ ಯಾವ ಕೋಣೆಗಾದರೂ ಹೋಗಬಹುದು, ಎದುರಿಗೆ ಯಾರೂ ಸಿಗುವುದಿಲ್ಲ. ನಿಜದಲ್ಲಿ ಕೆಳಗಿನ ಗೋದಾಮಿನಲ್ಲಿ ವಿಷಯ ತಿಳಿಯದ ಕೆಲಸಗಾರರಿದ್ದ ಹೊತ್ತೆಲ್ಲ ಹೆಜ್ಜೆ ಸದ್ದು ಮಾಡುವಂತಿರಲಿಲ್ಲ, ಶೌಚಾಲಯಕ್ಕೆ ನೀರು ಬಿಡುವಂತಿರಲಿಲ್ಲ. ಎಂಟು ಜನರ ಇಕ್ಕಟ್ಟೇ ಆ ಮನೆಯ ಇತಿಹಾಸ. ಖಾಲಿ ಕೋಣೆಯಲ್ಲಿ ಅದು ಮೈಗೆ ತಾಗುವುದಿಲ್ಲ.

ಹಾಗೆಂದು ಬೇಡ ಎನ್ನಲಾರೆ. ಕಡಿದಾದ ಮೆಟ್ಟಿಲು ಹತ್ತಲಾಗದವರಿಗೆ, ಆಮ್‌ಸ್ಟರ್‌ಡ್ಯಾಮ್ ದೂರವಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಕನ್ನಡ ಧ್ವನಿ ಇಲ್ಲದ ಕಾರಣ ತರಗತಿಯಲ್ಲಿ ಶಿಕ್ಷಕರು ಎಂಟು ಜನರ ಹೆಸರು, ಕೋಣೆಗಳ ನಕ್ಷೆಯನ್ನು ಮೊದಲೇ ಬೋರ್ಡ್ ಮೇಲೆ ಬರೆದಿಡಲಿ. ಮಕ್ಕಳು ತಿರುಗುವ ಕುರ್ಚಿಯಲ್ಲಿ ಕೂತು ನೋಡಲಿ, ತಲೆ ಸುತ್ತಿದರೆ ತಕ್ಷಣ ಹೆಡ್‌ಸೆಟ್ ತೆಗೆಯಲಿ. ಮೊದಲು ಕಥೆ, ಆಮೇಲೆ ಸ್ವತಂತ್ರ ಸುತ್ತಾಟ. ಎರಡನೇ ಸಲ ಪ್ರತಿಯೊಬ್ಬರೂ ಐದು ವಸ್ತು ಆರಿಸಿ, ಪ್ರತಿಯೊಂದರ ಮುಂದೆ ‘ಉಳಿದದ್ದು’, ‘ನೆನಪು’, ‘ಊಹೆ’ ಎಂದು ಬರೆದು ಮ್ಯೂಸಿಯಂ ವೆಬ್‌ಸೈಟಿನ ಮಾಹಿತಿಯೊಂದಿಗೆ ತಾಳೆ ನೋಡಲಿ.